ಫಲ್ಗುಣಿ–ನೇತ್ರಾವತಿ ಅಳಿವೆ: ನೀರು ಯಾಕೆ ನಾರುತ್ತದೆ, ಯಾವಾಗ ನಾರುತ್ತದೆ, ನಾವೇನು ಮಾಡಬಹುದು?

ಮಂಗಳೂರಿನ ಬಂದರು ಕಡೆ ಅಂಗಡಿ ಇಟ್ಟವರಿಗೆ, ನದಿ ಬದಿಯಲ್ಲಿ ಮನೆ ಇದ್ದವರಿಗೆ ಈ ಅನುಭವ ಹೊಸತಲ್ಲ. ಕೆಲವು ದಿನ ನದಿ ದಂಡೆಯಲ್ಲಿ ಆರಾಮವಾಗಿ ನಿಂತು ಚಾ ಕುಡಿಯಬಹುದು. ಕೆಲವು ದಿನ ಮೂಗು ಮುಚ್ಚಿಕೊಂಡು ಓಡಬೇಕು. ಬೆಳಿಗ್ಗೆ ಶಟರ್ ಎತ್ತುವಾಗ ಹೊಡೆದ ನಾತ ಮಧ್ಯಾಹ್ನಕ್ಕೆ ಮಾಯ. ಸಿಟ್ಟು ಬಂದು ದೂರು ಕೊಟ್ಟರೆ, ನೋಡಲು ಜನ ಬರುವ ಹೊತ್ತಿಗೆ ನೀರು ತುಂಬಿ, ಗಾಳಿ ಬೀಸಿ, ಎಲ್ಲ ಚಂದ ಕಾಣುತ್ತದೆ. "ಎಲ್ಲಿ ಮಾರಾಯ್ರೆ, ಏನೂ ಇಲ್ಲವಲ್ಲ" ಎನ್ನುವಲ್ಲಿಗೆ ಕತೆ ಮುಗಿಯುತ್ತದೆ.

ನಾತ ಇದ್ದದ್ದು ಸುಳ್ಳಲ್ಲ. ಉಬ್ಬರ-ಇಳಿತ ಇರುವ ನದಿಯಲ್ಲಿ ನಾತಕ್ಕೂ ಒಂದು ಟೈಮ್ ಟೇಬಲ್ ಉಂಟು. ಅದನ್ನು ಓದಲು ಕಲಿತರೆ ಕೊಳಚೆ ಯಾವ ಕಡೆಯಿಂದ ಬರುತ್ತಿದೆ ಎಂದು ಅಂದಾಜು ಮಾಡಬಹುದು, ಕೊಟ್ಟ ದೂರಿಗೂ ತೂಕ ಬರುತ್ತದೆ. ಬಂದರು ಬದಿಯವರಿಗೆ, ಉಳ್ಳಾಲ, ಜಪ್ಪಿನಮೊಗರು, ಕೂಳೂರು ಕಡೆಯವರಿಗೆ ಉಪಯೋಗ ಆಗಲಿ ಎಂದು ಈ ಮಾಹಿತಿಯನ್ನು ಒಂದೇ ಕಡೆ ಕೊಟ್ಟಿದ್ದೇವೆ.

ಮೊದಲು ನಮ್ಮ ನದಿಗಳನ್ನು ನೋಡುವ

ಮಂಗಳೂರಿಗೆ ಎರಡು ನದಿ. ಘಟ್ಟದಿಂದ ಇಳಿಯುವ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು ಬಂಟ್ವಾಳ, ತುಂಬೆ, ಅಡ್ಯಾರ್ ದಾಟಿ ಉಳ್ಳಾಲದ ಸೇತುವೆ ಕೆಳಗೆ ಬರುತ್ತದೆ. ಗುರುಪುರ ನದಿ ಎಂದೂ ಕರೆಯುವ ಫಲ್ಗುಣಿ ಮರವೂರು, ಕೂಳೂರು ದಾಟಿದ ಮೇಲೆ ನೇರ ಸಮುದ್ರಕ್ಕೆ ಹೋಗುವುದಿಲ್ಲ. ತೆಂಕು ದಿಕ್ಕಿಗೆ ತಿರುಗಿ, ಪಶ್ಚಿಮಕ್ಕೆ ತಣ್ಣೀರುಬಾವಿ ಮತ್ತು ಬೆಂಗ್ರೆಯ ಮರಳು ಪಟ್ಟಿ, ಪೂರ್ವಕ್ಕೆ ಸುಲ್ತಾನ್ ಬತ್ತೇರಿ, ಬೋಳೂರು, ಹಳೆ ಬಂದರು ಇವುಗಳ ನಡುವೆ ಸಮುದ್ರಕ್ಕೆ ಸಮಾನಾಂತರವಾಗಿ ಹರಿದು ಕೊನೆಗೆ ನೇತ್ರಾವತಿಯನ್ನು ಕೂಡುತ್ತದೆ. ಎರಡಕ್ಕೂ ಸೇರಿ ಒಂದೇ ಅಳಿವೆ ಬಾಗಿಲು.

ಫಲ್ಗುಣಿಯ ಈ ಕೊನೆಯ ಭಾಗ ಹೆಸರಿಗೆ ನದಿ. ಬೇಸಿಗೆಯಲ್ಲಿ ನೋಡಿದರೆ ಅದು ಸಮುದ್ರದ ಒಂದು ಉದ್ದ ಬೆರಳು. ಮರವೂರಿನಲ್ಲಿ ಕಿಂಡಿ ಅಣೆಕಟ್ಟು ಉಂಟು. ನೇತ್ರಾವತಿಗೆ ತುಂಬೆಯಲ್ಲಿ ನಗರದ ಕುಡಿಯುವ ನೀರಿನ ಅಣೆಕಟ್ಟು, ಅದರ ಕೆಳಗೆ ಹರೇಕಳ–ಅಡ್ಯಾರ್ ನಡುವೆ ಉಪ್ಪು ನೀರು ತಡೆಯುವ ಅಣೆಕಟ್ಟು. ಕುಡಿಯುವ ನೀರಿಗೆ, ತೋಟಕ್ಕೆ ಇವು ಬೇಕೇ ಬೇಕು. ಆದರೆ ಬಾಗಿಲು ಹಾಕಿದ ಮೇಲೆ ಕೆಳಗಿನ ಭಾಗಕ್ಕೆ ಸಿಹಿ ನೀರು ತೀರ ಕಡಿಮೆ. ಆಗ ಅಲ್ಲಿ ಓಡಾಡುವುದು ಉಬ್ಬರದ ಉಪ್ಪು ನೀರು ಮತ್ತು ಊರಿನ ತೋಡು, ರಾಜಕಾಲುವೆಗಳಿಂದ ಬಂದದ್ದು.

"ಸಮುದ್ರಕ್ಕೆ ಹೋಗ್ತದೆ ಬಿಡಿ" – ಹೋಗುವುದಿಲ್ಲ

ತೋಡಿಗೆ ಬಿಟ್ಟದ್ದು ನದಿಗೆ, ನದಿಗೆ ಹೋದದ್ದು ಸಮುದ್ರಕ್ಕೆ ಎಂಬ ಲೆಕ್ಕದಲ್ಲೇ ನಾವೆಲ್ಲ ಬೆಳೆದದ್ದು. ಘಟ್ಟದ ಹೊಳೆಗೆ ಆ ಲೆಕ್ಕ ಸರಿ. ಅಳಿವೆಗೆ ಸರಿಯಲ್ಲ.

ಸಮುದ್ರದ ನೀರು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಏರಿ ಇಳಿಯುತ್ತದೆ. ಹಾಗಾಗಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ನೀರು ಏರಿಳಿಯುವುದು ಹೆಚ್ಚು ಕಡಿಮೆ ಒಂದರಿಂದ ಒಂದೂವರೆ ಮೀಟರ್. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಈ ಏರಿಳಿತ ಜಾಸ್ತಿ. ಅಷ್ಟಮಿಯ ಸುಮಾರಿಗೆ ಕಡಿಮೆ. ದೋಣಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಳಿತದ ಆರು ಗಂಟೆಯಲ್ಲಿ ಚರಂಡಿಯಿಂದ ಬಂದ ನೀರು ಅಳಿವೆ ಕಡೆಗೆ ಒಂದಷ್ಟು ದೂರ ಹೋಗುತ್ತದೆ. ಪೂರ್ತಿ ಹೊರಗೆ ಹೋಗುವ ಮೊದಲೇ ಉಬ್ಬರ ಶುರು. ಹೋದದ್ದರಲ್ಲಿ ಬಹುಪಾಲು ವಾಪಸ್ ಬರುತ್ತದೆ, ಕೆಲವೊಮ್ಮೆ ಹೊರಟ ಜಾಗಕ್ಕಿಂತಲೂ ಮೇಲಕ್ಕೆ. ಮರುದಿನ ಅದರ ಮೇಲೆ ಹೊಸ ಕೊಳಚೆ. ಮಳೆಗಾಲದಲ್ಲಿ ಮೇಲಿನಿಂದ ನೀರು ನುಗ್ಗುವುದರಿಂದ ಇದೆಲ್ಲ ಬೇಗ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ಅದೇ ನೀರು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುತ್ತಾ ದಿನಗಟ್ಟಲೆ ಉಳಿಯುತ್ತದೆ.

ಇನ್ನೊಂದು ವಿಷಯ. ಉಪ್ಪು ನೀರು ಸಿಹಿ ನೀರಿಗಿಂತ ಭಾರ. ಅದು ತಳದಲ್ಲಿ ನುಗ್ಗುತ್ತದೆ, ಸಿಹಿ ನೀರು ಮೇಲೆ ತೇಲುತ್ತದೆ. ಉಪ್ಪು ತಾಗಿದ ಕೂಡಲೇ ನೀರಿನಲ್ಲಿ ತೇಲುವ ಸಣ್ಣ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಕೂರುತ್ತವೆ. ಮಣ್ಣಿನ ಜೊತೆ ಎಣ್ಣೆ ಜಿಡ್ಡು, ಮಲದ ಅಂಶ, ಅನ್ನದ ಅಗಳು ಎಲ್ಲ ಕೂರುತ್ತದೆ. ಅಳಿವೆಯ ಕೆಸರು ಅಷ್ಟು ಕಪ್ಪು, ಅಷ್ಟು ಮೆತ್ತಗೆ ಇರುವುದು ಇದರಿಂದಲೇ.

ನದಿಯ ಉಸಿರಿನ ಲೆಕ್ಕ

ಅಂಗಡಿಯವರಿಗೆ ಲೆಕ್ಕದ ಭಾಷೆಯಲ್ಲೇ ಹೇಳುವ. ನೀರಿನಲ್ಲಿ ಕರಗಿದ ಆಮ್ಲಜನಕವೇ ನದಿಯ ಬಂಡವಾಳ. 30 ಡಿಗ್ರಿ ಸೆಕೆಯಲ್ಲಿ ಒಂದು ಲೀಟರ್ ಸಿಹಿ ನೀರು ಹೆಚ್ಚೆಂದರೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಸಮುದ್ರದ ನೀರಾದರೆ ಸುಮಾರು 6.2. ಚಳಿ ದೇಶದ 10 ಡಿಗ್ರಿ ನೀರು 11ಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಂದರೆ ನಮ್ಮ ನದಿ ಹುಟ್ಟಾ ಕಡಿಮೆ ಬಂಡವಾಳದ ವ್ಯಾಪಾರಿ.

ಖರ್ಚು ಎಂತದು? ಕೊಳಚೆಯನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾಗಳು ಆಮ್ಲಜನಕ ಬಳಸುತ್ತವೆ. ಇದರ ಅಳತೆಯೇ ಬಿಒಡಿ. ಶುದ್ಧೀಕರಿಸದ ಮನೆ ಕೊಳಚೆಯ ಬಿಒಡಿ ಲೀಟರಿಗೆ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ. 250 ಎಂದು ಹಿಡಿಯಿರಿ. ಮೀನು ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಉಳಿಯಬೇಕು. 7 ಇದ್ದ ನೀರಿನಲ್ಲಿ ಖರ್ಚಿಗೆ ಸಿಗುವುದು ಬರೀ 3. ಅಂದರೆ ಒಂದು ಲೀಟರ್ ಕೊಳಚೆಯನ್ನು ತಡೆದುಕೊಳ್ಳಲು 80 ಲೀಟರಿಗಿಂತ ಹೆಚ್ಚು ಒಳ್ಳೆ ನೀರು ಬೇಕು.

ಒಳಚರಂಡಿ ಇರುವ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರ ಶೇ. 80ರಷ್ಟು ಕೊಳಚೆ ಎಂಬುದು ಎಂಜಿನಿಯರುಗಳ ವಾಡಿಕೆ ಲೆಕ್ಕ. ಹಾಗೆ ನೋಡಿದರೆ ಒಬ್ಬನ ಒಂದು ದಿನದ ಕೊಳಚೆ ಸುಮಾರು 108 ಲೀಟರ್. ಅದಕ್ಕೆ ಸುಮಾರು 9,000 ಲೀಟರ್ ಒಳ್ಳೆ ನದಿ ನೀರು! ಗಾಳಿಯಿಂದ ಸ್ವಲ್ಪ ಆಮ್ಲಜನಕ ಮತ್ತೆ ಮತ್ತೆ ಸೇರುತ್ತಾ ಇರುತ್ತದೆ, ಹಾಗಾಗಿ ಇದು ಒರಟು ಲೆಕ್ಕ. ಆದರೂ ಒಂದು ವಾರ್ಡಿನ ಕೊಳಚೆ ಬೇಸಿಗೆಯ ನದಿಗೆ ಯಾಕೆ ಹೊರೆ ಎಂದು ಇದರಿಂದ ಗೊತ್ತಾಗುತ್ತದೆ.

ಉಪ್ಪು ನೀರಿನಲ್ಲಿ ನಾತ ಜಾಸ್ತಿ ಯಾಕೆ?

ಆಮ್ಲಜನಕ ಮುಗಿದ ಮೇಲೂ ಕೊಳೆಯುವುದು ನಿಲ್ಲುವುದಿಲ್ಲ. ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಕೆಲಸಕ್ಕೆ ಇಳಿಯುತ್ತವೆ. ಸಿಹಿ ನೀರಿನ ಕೆರೆಯ ಕೆಸರಿನಲ್ಲಿ ಇವು ಹೆಚ್ಚಾಗಿ ಮೀಥೇನ್ ಮಾಡುತ್ತವೆ, ಅದಕ್ಕೆ ವಾಸನೆ ಇಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಅಳಿವೆಯ ಬ್ಯಾಕ್ಟೀರಿಯಾಗಳು ಅದನ್ನು ಬಳಸಿ ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅಂದರೆ ಇದೇ.

ಅದೇ ಕೊಳಚೆ, ಅಷ್ಟೇ ಕೊಳಚೆ, ಘಟ್ಟದ ಹೊಳೆಗಿಂತ ಅಳಿವೆಯಲ್ಲಿ ಹೆಚ್ಚು ನಾರುವುದು ಹೀಗೆ. ನಮ್ಮ ಮೂಗು ಈ ಅನಿಲವನ್ನು ಗಾಳಿಯ ಹತ್ತು ಕೋಟಿ ಭಾಗದಲ್ಲಿ ಒಂದು ಭಾಗ ಇದ್ದರೂ ಹಿಡಿಯಬಲ್ಲದು. ಕೆಸರಿನ ಕಬ್ಬಿಣದ ಜೊತೆ ಸೇರಿ ಕೆಸರನ್ನು ಕಪ್ಪು ಮಾಡುವುದೂ ಇದೇ ಸಲ್ಫೈಡ್.

ಒಂದು ಮಾತು ನೆನಪಿರಲಿ. ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ ಸ್ವಲ್ಪ ಇಂಥ ವಾಸನೆ ಸಹಜ. ಎಲೆ ಕೊಳೆತು ಬರುವ ವಾಸನೆ ಅದು, ನದಿ ಕೆಟ್ಟಿದೆ ಎಂದು ಅರ್ಥವಲ್ಲ. ಅಲ್ಲಿ ಏಡಿ ತೂತು, ಸಣ್ಣ ಮೀನು ಕಂಡರೆ ಆ ಜಾಗ ಜೀವಂತ ಉಂಟು. ಕೆಸರಿನ ಮೇಲೆ ಬಿಳಿ-ಬೂದು ಲೋಳೆ, ಗುಳ್ಳೆ, ಒಂದೇ ಒಂದು ಏಡಿ ಇಲ್ಲ ಅಂದರೆ ಹತ್ತಿರದಲ್ಲಿ ಎಲ್ಲೋ ಕೊಳಚೆ ಬಾಯಿ ಉಂಟು ಎಂದು ಸಂಶಯ ಪಡಬೇಕು.

ಯಾವ ಹೊತ್ತಿನ ನಾತ, ಯಾವ ಕಾರಣ?

ಮೊಬೈಲಿನಲ್ಲಿ ಮಂಗಳೂರಿನ ಉಬ್ಬರ-ಇಳಿತದ ವೇಳೆ ನೋಡಬಹುದು. ಅದರ ಜೊತೆ ನಿಮ್ಮ ಮೂಗಿನ ಅನುಭವ ಇಟ್ಟು ನೋಡಿ.

1. ಇಳಿತದ ಕೊನೆಗೆ ನಾತ, ನೀರು ಏರಿದ ಮೇಲೆ ಕಡಿಮೆ: ಕೆಸರಿನ ದಂಡೆ ಅಥವಾ ಚರಂಡಿಯ ಬಾಯಿ ತೆರೆದುಕೊಂಡಿದೆ. ನೀರಿಳಿದಾಗ ಹೋಗಿ ನೋಡಿದರೆ ಉಬ್ಬರದಲ್ಲಿ ಮುಳುಗಿರುವ ಪೈಪು ಕಣ್ಣಿಗೆ ಬೀಳಬಹುದು.

2. ನೀರು ಏರುವಾಗಲೇ ಬೀದಿಯ ಜಾಲರಿ, ಮ್ಯಾನ್‌ಹೋಲ್, ಅಂಗಡಿಯ ಬಚ್ಚಲಿನಿಂದ ನಾತ: ಉಬ್ಬರದ ನೀರು ಚರಂಡಿಯೊಳಗೆ ನುಗ್ಗಿ ಒಳಗಿನ ಅನಿಲವನ್ನು ಹೊರಗೆ ತಳ್ಳುತ್ತಿದೆ. ಚರಂಡಿಯ ಬಾಯಿಗೆ ಒಂದೇ ಕಡೆ ತೆರೆಯುವ ಬಾಗಿಲು ಇಲ್ಲ, ಅಥವಾ ಕೆಟ್ಟಿದೆ. ನಿಮ್ಮ ಬಚ್ಚಲಿನ ವಾಟರ್ ಸೀಲ್ ಒಣಗಿದರೂ ಹೀಗಾಗುತ್ತದೆ. ಒಂದು ಚೊಂಬು ನೀರು ಹೊಯ್ದು ಪರೀಕ್ಷೆ ಮಾಡಿ.

3. ನಸುಕಿನಲ್ಲಿ ನಾತ, ಬಿಸಿಲೇರಿದಾಗ ಕಡಿಮೆ: ರಾತ್ರಿ ಪಾಚಿಗಳೂ ಆಮ್ಲಜನಕ ಬಳಸುವುದರಿಂದ ಬೆಳಗಾಗುವ ಮೊದಲು ಅದು ತೀರ ಕಡಿಮೆ. ಗಾಳಿಯ ಲೆಕ್ಕವೂ ಉಂಟು. ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಸಮುದ್ರಕ್ಕೆ, ಆಗ ಊರ ಬದಿಯ ನಾತ ಬೆಂಗ್ರೆಗೆ. ಮಧ್ಯಾಹ್ನದ ಮೇಲೆ ಗಾಳಿ ಸಮುದ್ರದಿಂದ ನೆಲಕ್ಕೆ, ಆಗ ನದಿಯ ನಾತ ಬಂದರಿನ ಅಂಗಡಿಗಳಿಗೆ.

4. ಅಷ್ಟಮಿಯ ಸುಮಾರಿಗೆ ಮೂರು-ನಾಲ್ಕು ದಿನ ಬಿಡದೆ ನಾತ: ಏರಿಳಿತ ಕಡಿಮೆ, ನೀರು ಬದಲಾಗುವುದೂ ಕಡಿಮೆ.

5. ಉಬ್ಬರಕ್ಕೆ, ಗಾಳಿಗೆ ಸಂಬಂಧವೇ ಇಲ್ಲದೆ ಇದ್ದಕ್ಕಿದ್ದಂತೆ ನಾತ: ಯಾರೋ ಬಿಟ್ಟಿದ್ದಾರೆ. ಪಂಪ್ ಹೌಸಿನ ವೆಟ್‌ವೆಲ್ ತುಂಬಿ ಹರಿದಿರಬಹುದು, ಟ್ಯಾಂಕರ್ ಖಾಲಿ ಮಾಡಿರಬಹುದು, ಯಾವುದಾದರೂ ಘಟಕದಿಂದ ಬಿಟ್ಟಿರಬಹುದು. ಗಂಟೆ-ನಿಮಿಷ ಬರೆದಿಡಿ. ಕರೆಂಟ್ ಹೋಗಿತ್ತಾ ಎಂಬುದನ್ನೂ ಬರೆಯಿರಿ, ಕರೆಂಟಿಲ್ಲದೆ ಪಂಪ್ ನಿಂತರೆ ವೆಟ್‌ವೆಲ್ ಉಕ್ಕುತ್ತದೆ.

ವಾಸನೆಯ ಜಾತಿಯೂ ಕಾರಣ ಹೇಳುತ್ತದೆ. ಕೊಳೆತ ಮೊಟ್ಟೆ ಅಂದರೆ ಹಳೆ ಕೊಳಚೆ, ಆಮ್ಲಜನಕ ಮುಗಿದಿದೆ. ಮೂತ್ರದ ಘಾಟು ಅಂದರೆ ಅಮೋನಿಯ, ಹೊಸ ಕೊಳಚೆ ಹತ್ತಿರದಲ್ಲೇ ಉಂಟು. ಸೀಮೆಎಣ್ಣೆ, ಡೀಸೆಲ್ ವಾಸನೆ ಮತ್ತು ನೀರಿನ ಮೇಲೆ ಬಣ್ಣದ ಪೊರೆ ಅಂದರೆ ಬೋಟು, ಗ್ಯಾರೇಜು ಅಥವಾ ಎಣ್ಣೆ ಸೋರಿಕೆ. ಕೊಳೆತ ಮೀನಿನ ವಾಸನೆ ಬಂದರೆ ಮೊದಲು ನೀರಿನ ಅಂಚು ನೋಡಿ. ಮೀನು ಸತ್ತು ತೇಲುತ್ತಿದ್ದರೆ ಅದು ಬೇರೆಯೇ ಮಟ್ಟದ ದೂರು.

ಮೊದಲ ಮಳೆ ಮತ್ತು ಮಳೆಗಾಲ

ಮಂಗಳೂರಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆಗ ನದಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಅಪಾಯ ಇರುವುದು ಏಪ್ರಿಲ್-ಮೇ ತಿಂಗಳ ಮೊದಲ ಜೋರು ಮಳೆಗೆ. ಐದಾರು ತಿಂಗಳು ರಸ್ತೆ, ಚರಂಡಿ, ಮಾರ್ಕೆಟ್ಟುಗಳಲ್ಲಿ ಕೂತ ಕೊಳೆ ಒಂದೇ ಗಂಟೆಯಲ್ಲಿ ನದಿಗೆ ಇಳಿಯುತ್ತದೆ. ನದಿಯಲ್ಲಿ ಆಗ ನೀರಿನ ಹರಿವಿಲ್ಲ, ಆಮ್ಲಜನಕ ಮೊದಲೇ ಕಡಿಮೆ. ಅಂಥ ಹೊತ್ತಿನಲ್ಲಿ ಮೀನು ಸಾಯುವ ಸಂಭವ ಜಾಸ್ತಿ.

ಜೋರು ಮಳೆಗಾಲದಲ್ಲಿ ತೊಂದರೆ ಬೇರೆ. ಮನೆ-ಕಟ್ಟಡದ ಮಾಡಿನ ನೀರನ್ನು ಒಳಚರಂಡಿಗೆ ಜೋಡಿಸಿದರೆ, ಕೊಳಚೆಗಾಗಿ ಹಾಕಿದ ಪೈಪು ಮಳೆ ನೀರನ್ನು ತಡೆಯಲಾರದೆ ಮ್ಯಾನ್‌ಹೋಲ್ ಉಕ್ಕುತ್ತದೆ. ಅದೇ ಹೊತ್ತಿಗೆ ಅಮಾವಾಸ್ಯೆಯ ಉಬ್ಬರ ಬಂದರೆ ತಗ್ಗಿನ ಅಂಗಡಿಗಳಿಗೆ ನೀರು ನುಗ್ಗುವುದು ಬರೀ ಮಳೆ ನೀರಲ್ಲ.

ಕಸಕ್ಕೂ ನದಿಗೂ ಸಂಬಂಧ ಇಲ್ಲ ಎನ್ನುವವರು 2019ರ ಆಗಸ್ಟ್ ನೆನಪು ಮಾಡಿಕೊಳ್ಳಬೇಕು. ಪಚ್ಚನಾಡಿಯ ಕಸದ ರಾಶಿ ಮಳೆಗೆ ಜರಿದು ಮಂದಾರ ಭಾಗದ ಮನೆ-ತೋಟಗಳ ಮೇಲೆ ಬಂತು. ಅದರ ಕೊಳೆರಸ ತೋಡಿನ ಮೂಲಕ ಫಲ್ಗುಣಿಗೆ ಸೇರುವ ಆತಂಕ ಆಗ ದೊಡ್ಡ ಸುದ್ದಿ. ನಾವು ಗುಡ್ಡದ ಮೇಲೆ ಇಟ್ಟದ್ದೂ ಕೊನೆಗೆ ನದಿಗೇ ಇಳಿಯುತ್ತದೆ.

ಲಂಡನ್ನಿನವರು ಮೂಗು ಮುಚ್ಚಿ ಕಲಿತದ್ದು

ಉಬ್ಬರದ ನದಿಯ ನಾತಕ್ಕೆ ಲೋಕದಲ್ಲೇ ಹೆಸರಾದ ಕತೆ ಲಂಡನ್ನಿನ ಥೇಮ್ಸ್ ನದಿಯದ್ದು. ಅದೂ ನಮ್ಮ ಅಳಿವೆಯ ಹಾಗೆ ಉಬ್ಬರ-ಇಳಿತದ ನದಿ. 1858ರ ಬೇಸಿಗೆಯಲ್ಲಿ ನಾತ ಎಷ್ಟಾಯಿತೆಂದರೆ ನದಿ ಬದಿಯ ಸಂಸತ್ ಭವನದ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ಕಟ್ಟಿದರು. ಸಂಸದರಿಗೇ ಕೂರಲಾಗದಿದ್ದಾಗ ಹಣ ಮಂಜೂರಾಯಿತು. ಜೋಸೆಫ್ ಬಾಜಲ್‌ಗೆಟ್ ಎಂಬ ಎಂಜಿನಿಯರ್ ನದಿಯ ಎರಡೂ ಬದಿ ದೊಡ್ಡ ಒಳಚರಂಡಿ ಕಟ್ಟಿ, ಕೊಳಚೆಯನ್ನು ಊರಿನಿಂದ ಕೆಳಗೆ ಬೆಕ್ಟನ್ ಮತ್ತು ಕ್ರಾಸ್‌ನೆಸ್ ಎಂಬ ಎರಡು ಜಾಗಕ್ಕೆ ಒಯ್ದು, ಇಳಿತದ ಹೊತ್ತಿಗೆ ಬಿಡುವ ವ್ಯವಸ್ಥೆ ಮಾಡಿದರು.

ಊರಿನ ನಡುವಿನ ನಾತ ಕಡಿಮೆಯಾಯಿತು. ಆದರೆ ನಾತ ಸತ್ತದ್ದಲ್ಲ, ಕೆಳಗೆ ಹೋದದ್ದು. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ಪ್ರಯಾಣಿಕರ ಹಡಗು ಆ ಕೊಳಚೆ ಬಾಯಿಗಳ ಹತ್ತಿರವೇ ಮುಳುಗಿ 600ಕ್ಕೂ ಹೆಚ್ಚು ಜನ ತೀರಿಕೊಂಡರು. ಬಿದ್ದವರು ಬಿದ್ದದ್ದು ಕೊಳಚೆ ತುಂಬಿದ ನೀರಿಗೆ. 1957ರ ಹೊತ್ತಿಗೆ ಆ ನದಿಯನ್ನು ಜೀವ ಇಲ್ಲದ ನದಿ ಎಂದು ಘೋಷಿಸಿದ್ದರು. ಶುದ್ಧೀಕರಣ ಘಟಕಗಳನ್ನು ಸರಿ ಮಾಡಿದ ಮೇಲೆಯೇ ಮೀನು ವಾಪಸ್ ಬಂದದ್ದು. ಮಳೆ ಬಂದಾಗ ಉಕ್ಕುವ ಕೊಳಚೆ ಹಿಡಿಯಲು 25 ಕಿಲೋಮೀಟರ್ ಉದ್ದದ ಹೊಸ ಸುರಂಗವನ್ನು 2025ರಲ್ಲಿ ಪೂರ್ತಿ ಬಳಕೆಗೆ ತಂದರು.

ನಮಗೆ ಇದರಲ್ಲಿ ಪಾಠ ಸ್ಪಷ್ಟ. ಚರಂಡಿಯ ಬಾಯಿ ಇನ್ನೊಬ್ಬರ ಮನೆ ಮುಂದಕ್ಕೆ ತಿರುಗಿಸಿದರೆ ಪರಿಹಾರ ಆಗುವುದಿಲ್ಲ. ಇಳಿತದ ಹೊತ್ತಿಗೆ ಬಿಟ್ಟರೆ ಸ್ವಲ್ಪ ಉಪಯೋಗ. ನದಿಗೆ ಮುಟ್ಟುವ ಮೊದಲೇ ಶುದ್ಧ ಮಾಡಿದರೆ ಮಾತ್ರ ಪೂರ್ತಿ ಉಪಯೋಗ. ಚೆನ್ನೈಯ ಕೂವಂ ನದಿ ಇನ್ನೊಂದು ಪಾಠ ಹೇಳುತ್ತದೆ: ಅಲ್ಲಿ ಅಳಿವೆ ಬಾಗಿಲಿಗೆ ಮರಳು ಕೂತು ಸಮುದ್ರದ ನೀರು ಒಳಗೆ ಹೊರಗೆ ಓಡಾಡುವುದೇ ಕಷ್ಟ, ಕೊಳಚೆ ನಿಂತು ನಾರುತ್ತದೆ. ಅಳಿವೆ ಬಾಗಿಲು ತೆರೆದಿರುವುದು ದೋಣಿಗೆ ಎಷ್ಟು ಮುಖ್ಯವೋ ನೀರಿಗೂ ಅಷ್ಟೇ ಮುಖ್ಯ.

ಮೂಗಿಗೆ ಮಾತ್ರ ತೊಂದರೆಯಾ?

ಅಲ್ಲ. ತೆರೆದ ಗಾಳಿಯಲ್ಲಿ ನದಿಯ ನಾತದಿಂದ ತಲೆನೋವು, ವಾಕರಿಕೆ, ಕಣ್ಣುರಿ ಬರಬಹುದು. ಮುಚ್ಚಿದ ಜಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ಕೊಲ್ಲುತ್ತದೆ. ಅದು ಗಾಳಿಗಿಂತ ಭಾರ, ಮ್ಯಾನ್‌ಹೋಲ್, ವೆಟ್‌ವೆಲ್, ಗುಂಡಿಗಳ ತಳದಲ್ಲಿ ನಿಲ್ಲುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ ಮುಟ್ಟಿದರೆ ಮೂಗು ಸತ್ತ ಹಾಗಾಗಿ ವಾಸನೆಯೇ ಗೊತ್ತಾಗುವುದಿಲ್ಲ. "ನಾತ ಹೋಯ್ತು, ಇಳಿಯಬಹುದು" ಎನ್ನುವುದು ಅತ್ಯಂತ ಅಪಾಯದ ಮಾತು. ಬ್ಲಾಕ್ ಆಯಿತೆಂದು ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬೇಡಿ. 2013ರ ಕಾಯ್ದೆ ಪ್ರಕಾರ ಅದು ಅಪರಾಧ, ಕೆಲಸ ಕೊಟ್ಟ ಅಂಗಡಿಯವರಿಗೂ ಅನ್ವಯ. ಜೆಟ್ಟಿಂಗ್ ಯಂತ್ರ ತರಿಸಿ.

ಬೆಳ್ಳಿ, ತಾಮ್ರ, ಹಿತ್ತಾಳೆ ಸಾಮಾನು ಇಟ್ಟವರು ಗಮನಿಸಿ: ತೊಳೆದಿಟ್ಟದ್ದು ಬೇಗ ಬೇಗ ಕಪ್ಪಾಗುತ್ತಿದ್ದರೆ ಈ ಅನಿಲವೂ ಕಾರಣ ಇರಬಹುದು. ಎಸಿಯ ತಾಮ್ರದ ಕೊಳವೆಗೂ, ಕಾಂಕ್ರೀಟ್ ಚರಂಡಿಯ ಒಳಮೈಗೂ ಇದು ಶತ್ರು.

ಮರುವಾಯಿ ಹೆಕ್ಕುವವರಿಗೂ ತಿನ್ನುವವರಿಗೂ ಒಂದು ಮಾತು. ಮರುವಾಯಿ ನೀರನ್ನು ಸೋಸಿ ಬದುಕುವ ಪ್ರಾಣಿ, ನೀರಿನಲ್ಲಿದ್ದ ರೋಗಾಣು ಅದರ ಹೊಟ್ಟೆಯಲ್ಲಿ ಕೂಡಿಕೊಳ್ಳುತ್ತದೆ. ಚರಂಡಿ ಬಾಯಿಯ ಹತ್ತಿರದ್ದನ್ನು ಹೆಕ್ಕಬೇಡಿ. ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತದೆ, ಸೀಸ-ಪಾದರಸದಂಥ ಲೋಹ ಹೋಗುವುದಿಲ್ಲ. ನದಿ ಕೆಟ್ಟರೆ ಮೊದಲು ಹೋಗುವುದು ಇವರ ದಿನದ ದುಡಿಮೆ.

ನದಿ ಬದಿಯ ಬಾವಿ ನೀರನ್ನು ವರ್ಷಕ್ಕೆ ಎರಡು ಸಲ, ಬೇಸಿಗೆಯ ಕೊನೆಗೆ ಮತ್ತು ಮಳೆ ಶುರುವಾದ ಮೇಲೆ, ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಂತೆ 100 ಮಿ.ಲೀ. ನೀರಿನಲ್ಲಿ ಕೋಲಿಫಾರ್ಮ್ ಒಂದೂ ಇರಬಾರದು. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು. ಕ್ಲೋರೈಡ್ ಮಾತ್ರ ಏರಿದ್ದರೆ ಉಪ್ಪು ನೀರು ಬಂದಿರಬಹುದು. ಕೋಲಿಫಾರ್ಮ್, ನೈಟ್ರೇಟ್ ಕೂಡ ಏರಿದ್ದರೆ ಕೊಳಚೆ ಸೇರುತ್ತಿದೆ ಎಂದು ಸಂಶಯ ಪಡಬೇಕು.

ಅಂಗಡಿ, ಹೋಟೆಲ್, ಮನೆಯವರು ಮಾಡಬಹುದಾದದ್ದು

- ಹೋಟೆಲ್, ಬೇಕರಿ: ಪಾತ್ರೆ ತೊಳೆಯುವ ನೀರಿಗೆ ಗ್ರೀಸ್ ಟ್ರ್ಯಾಪ್ ಇಡಿ, ವಾರವಾರ ತೆಗೆಯಿರಿ. ಚರಂಡಿ ಬ್ಲಾಕ್ ಆಗಲು ದೊಡ್ಡ ಕಾರಣ ತಣಿದು ಗಟ್ಟಿಯಾದ ಎಣ್ಣೆ. ಕಾಯಿಸಿದ ಎಣ್ಣೆಯನ್ನು ಚರಂಡಿಗೆ ಹೊಯ್ಯಬೇಡಿ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು ಲೆಕ್ಕ ಇಟ್ಟು, ಹಳೆ ಎಣ್ಣೆಯನ್ನು ಮಾನ್ಯತೆ ಇರುವವರಿಗೇ ಕೊಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಉಂಟು.
- ಮೀನು, ಕೋಳಿ ಅಂಗಡಿ: ರಕ್ತ, ಕರುಳು, ಪೊರೆ ತೋಡಿಗೆ ಹೋಗಬಾರದು. ರಕ್ತದ ಬಿಒಡಿ ಮನೆ ಕೊಳಚೆಗಿಂತ ನೂರಾರು ಪಟ್ಟು. ಜಾಲರಿ ಇಡಿ, ಹಿಡಿದದ್ದನ್ನು ಬೇರೆ ಬಕೆಟಿನಲ್ಲಿ ಕಸದ ಗಾಡಿಗೆ ಕೊಡಿ.
- ಗ್ಯಾರೇಜು, ಬೋಟು: ಹಳೆ ಎಂಜಿನ್ ಎಣ್ಣೆ ಕ್ಯಾನಿನಲ್ಲಿ ಹಿಡಿದು ಮಾರಿ. ಬೋಟಿನ ತಳದ ನೀರನ್ನು ದಕ್ಕೆಯಲ್ಲಿ ಹೊರಗೆ ಬಿಡಬೇಡಿ.
- ಕಟ್ಟಡ ಇರುವವರು: ಮಾಡಿನ ನೀರು ಮಳೆ ಚರಂಡಿಗೆ, ಕಕ್ಕಸಿನ ನೀರು ಒಳಚರಂಡಿಗೆ. ಅದಲುಬದಲು ಆಗಿದೆಯಾ ಎಂದು ಒಮ್ಮೆ ಪ್ಲಂಬರ್ ಕರೆಸಿ ನೋಡಿ.
- ಸೆಪ್ಟಿಕ್ ಟ್ಯಾಂಕ್ ಇದ್ದವರು: ಎರಡು-ಮೂರು ವರ್ಷಕ್ಕೊಮ್ಮೆ ತೆಗೆಸಿ. ಟ್ಯಾಂಕರಿನವರು ಎಲ್ಲಿ ಖಾಲಿ ಮಾಡುತ್ತಾರೆಂದು ಕೇಳಿ. ಕಡಿಮೆ ರೇಟಿಗೆ ಬರುವವರು ರಾತ್ರಿ ತೋಡಿಗೆ ಬಿಟ್ಟರೆ ಆ ಉಳಿತಾಯ ನಿಮ್ಮ ಬಾವಿಗೇ ವಾಪಸ್ ಬರುತ್ತದೆ.

ನಾತ ಬಂದ ಕೂಡಲೇ ಬ್ಲೀಚಿಂಗ್ ಪೌಡರ್ ಚೆಲ್ಲುವುದು ನಮ್ಮಲ್ಲಿ ಅಭ್ಯಾಸ. ಒಂದೆರಡು ಗಂಟೆ ನಾತ ಅಡಗಬಹುದು. ಕೊಳಚೆ ಬರುವುದು ನಿಲ್ಲುವುದಿಲ್ಲ, ಕ್ಲೋರಿನ್ ನದಿಗೆ ಇಳಿದರೆ ಮೀನಿಗೆ ವಿಷ. ಹೂಳೆತ್ತುವುದೂ ಹಾಗೆಯೇ. ಬೇಕಾದದ್ದು ಹೌದು, ಆದರೆ ಬೇಸಿಗೆಯ ನಿಂತ ನೀರಿನಲ್ಲಿ ಕಪ್ಪು ಕೆಸರು ಕಲಕಿದರೆ ಇದ್ದ ಆಮ್ಲಜನಕವೂ ಹೋಗುತ್ತದೆ. ಎತ್ತಿದ ಹೂಳನ್ನು ದಂಡೆಯಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಮತ್ತೆ ನದಿಗೆ.

ದೂರು ಕೊಡುವಾಗ ಏನು ಬರೆಯಬೇಕು?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನಕ್ಕೆ ಯೋಗ್ಯವಾದ ಸಿಹಿ ನೀರಿನಲ್ಲಿ (ಬಿ ವರ್ಗ) ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚು, ಬಿಒಡಿ 3 ಅಥವಾ ಕಡಿಮೆ ಇರಬೇಕು. ಮೀನುಗಾರಿಕೆಗೆ (ಡಿ ವರ್ಗ) ಆಮ್ಲಜನಕ ಕನಿಷ್ಠ 4. ಉಪ್ಪು ನೀರಿನ ಭಾಗಕ್ಕೆ ಬೇರೆಯೇ ವರ್ಗಗಳು ಉಂಟು.

ಯಾರಾದರೂ "ನೀರಿನ ರಿಪೋರ್ಟ್ ಸರಿ ಉಂಟು" ಎಂದರೆ ಒಂದೇ ಪ್ರಶ್ನೆ ಕೇಳಿ: ಸ್ಯಾಂಪಲ್ ತೆಗೆದದ್ದು ಉಬ್ಬರದಲ್ಲಾ, ಇಳಿತದಲ್ಲಾ? ತುಂಬು ಉಬ್ಬರದಲ್ಲಿ ಮೇಲಿನ ನೀರು ತೆಗೆದರೆ ಸಿಗುವುದು ಸಮುದ್ರದ ನೀರು. ಇಳಿತದ ಕೊನೆಗೆ, ಚರಂಡಿ ಬಾಯಿಯ ಹತ್ತಿರ, ಬೆಳಗಾಗುವ ಹೊತ್ತಿಗೆ ತೆಗೆದರೆ ನದಿಯ ನಿಜ ಸ್ಥಿತಿ ಗೊತ್ತಾಗುತ್ತದೆ. ಎರಡೂ ಹೊತ್ತು ತೆಗೆಯಿರಿ ಎಂದು ಲಿಖಿತವಾಗಿ ಕೇಳಿ.

ದೂರಿನಲ್ಲಿ ಇಷ್ಟು ಇರಲಿ: ತಾರೀಕು, ಗಂಟೆ, ಉಬ್ಬರವಾ ಇಳಿತವಾ, ಗಾಳಿಯ ದಿಕ್ಕು, ಎಂಥ ವಾಸನೆ, ನೀರಿನ ಬಣ್ಣ, ಮೀನು ಸತ್ತಿದೆಯಾ, ಜಾಗದ ಗುರುತು ಕಾಣುವ ಫೋಟೊ. ಎರಡು ವಾರ ಹೀಗೆ ಒಂದು ನೋಟ್ ಪುಸ್ತಕದಲ್ಲಿ ಬರೆದು, ಐದಾರು ಅಂಗಡಿಯವರು ಸಹಿ ಹಾಕಿ ಕೊಟ್ಟರೆ "ಯಾವಾಗಲೋ ನಾರುತ್ತದೆ" ಎಂಬ ದೂರು ಹೋಗಿ "ಇಂಥ ಹೊತ್ತಿಗೆ, ಇಂಥ ಕಡೆಯಿಂದ" ಎಂಬ ದೂರು ಆಗುತ್ತದೆ. ತಪಾಸಣೆಗೆ ಯಾವ ಹೊತ್ತಿಗೆ ಬರಬೇಕೆಂದು ನೀವೇ ಹೇಳಬಹುದು.

ಯಾರಿಗೆ ಕೊಡುವುದು? ಮ್ಯಾನ್‌ಹೋಲ್, ವೆಟ್‌ವೆಲ್, ಚರಂಡಿ ಆದರೆ ಮಹಾನಗರ ಪಾಲಿಕೆ ಅಥವಾ ನಿಮ್ಮ ನಗರಸಭೆ, ಪಂಚಾಯತ್. ಕಾರ್ಖಾನೆ, ಬಣ್ಣದ ನೀರು, ಎಣ್ಣೆ ಆದರೆ ಬೈಕಂಪಾಡಿಯಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿ. ಮೀನು ಸತ್ತರೆ ಮೀನುಗಾರಿಕೆ ಇಲಾಖೆಗೂ ಒಂದು ಪ್ರತಿ. ನದಿಗೆ ಮಲಿನ ವಸ್ತು ಬಿಡುವುದನ್ನು 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ನಿಷೇಧಿಸುತ್ತದೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರ ಮುಟ್ಟುವ ನದಿ ಭಾಗಕ್ಕೂ ಅನ್ವಯ. ಕಡು ಬೇಸಿಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ ಐದು ಭಾಗ ಇರುವಲ್ಲಿವರೆಗೆ ಅದರ ಗಡಿ. ಎಲ್ಲಿಯೂ ಕೆಲಸ ಆಗದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಉಂಟು. ಅಲ್ಲಿಗೆ ಹೋಗುವವರಿಗೂ ಮೊದಲು ಬೇಕಾಗುವುದು ಅದೇ ತಾರೀಕು-ಗಂಟೆ ಬರೆದ ನೋಟ್ ಪುಸ್ತಕ.

ಇವತ್ತೇ ಶುರು ಮಾಡಬಹುದು. ಕ್ಯಾಶ್ ಕೌಂಟರಿನ ಪಕ್ಕ ಒಂದು ಹಳೆ ಡೈರಿ, ಒಂದು ಪೆನ್ನು ಸಾಕು.